ಗೆಸ್ಟ್ ಹೌಸಿನವರೆಗೆ ಮಾತ್ರ

ಬಣ್ಣದ ಕಾರ್ಖಾನೆಯ ಮ್ಯಾನೇಜರರ ಕಾರು ಓಡಿಸುತ್ತಿದ್ದವನಿಗೆ ಊರಿನವರು ‘ಬೀಗ’ ಎಂದು ಅಡ್ಡಹೆಸರಿಟ್ಟಿದ್ದರು. ಹಿಂದಿನ ಸೀಟಿನಲ್ಲಿ ಏನೇ ಮಾತಾದರೂ ಅವನ ಬಾಯಿಂದ ಹೊರಬೀಳುತ್ತಿರಲಿಲ್ಲ. “ಈ ಬೀಗದ ಕೀಲಿಕೈ ನನ್ನ ಹತ್ರಾನೂ ಇಲ್ಲ” ಎಂದು ಹೆಂಡತಿಯೇ ನಗುತ್ತಿದ್ದಳು.

ವರ್ಷಕ್ಕೊಮ್ಮೆ ಬಾಯ್ಲರ್ ಪರೀಕ್ಷೆಗೆಂದು ಸರ್ಕಾರದ ಇನ್‌ಸ್ಪೆಕ್ಟರು ಬರುತ್ತಿದ್ದರು. ಅವನೇ ಅವರನ್ನು ಸ್ಟೇಷನ್ನಿನಿಂದ ಕಂಪನಿಯ ಗೆಸ್ಟ್ ಹೌಸಿಗೆ ಕರೆತರಬೇಕು. ಅವರು ಅಲ್ಲೇ ಗಡದ್ದಾಗಿ ಉಂಡು, ಒಂದು ನಿದ್ದೆ ತೆಗೆದು, ಮ್ಯಾನೇಜರು ಕೊಟ್ಟ ಭಾರದ ಬ್ಯಾಗು ಹಿಡಿದು ಸಂಜೆಯ ರೈಲು ಹತ್ತುತ್ತಿದ್ದರು. ಕಾರ್ಖಾನೆಯ ಗೇಟು ಯಾವ ದಿಕ್ಕಿಗಿದೆ ಎಂದೂ ಕೇಳಿದವರಲ್ಲ. ತನಗ್ಯಾಕೆ ಊರ ಉಸಾಬರಿ ಎಂದು ಅವನು ಸುಮ್ಮನಿದ್ದ.

ಒಂದು ಬೆಳಿಗ್ಗೆ ಬಾಯ್ಲರ್ ಸಿಡಿಯಿತು. ಇಬ್ಬರು ಸತ್ತರು. ಬಾಯ್ಲರ್ ನೋಡಿಕೊಳ್ಳುತ್ತಿದ್ದ ಅವನ ತಂಗಿಯ ಗಂಡ ಬದುಕಿಕೊಂಡ, ಬಲಗೈ ಸುಟ್ಟು ಮುರುಟಿತು. ಬಾಯ್ಲರ್ ಸರಿಯಾಗಿಯೇ ಇತ್ತು, ಪರೀಕ್ಷೆಯೂ ಆಗಿತ್ತು, ತಪ್ಪು ಅದನ್ನು ನೋಡಿಕೊಳ್ಳುತ್ತಿದ್ದವನದೇ ಎಂದು ಕಂಪನಿ ಕೈ ತೊಳೆದುಕೊಂಡಿತು.

ವಿಚಾರಣೆಗೆ ಮುಂಚೆ ಮ್ಯಾನೇಜರು ಕಾರಿನಲ್ಲೇ ವಿಷಯ ತೆಗೆದರು. “ಇನ್‌ಸ್ಪೆಕ್ಟರನ್ನ ಕಾರ್ಖಾನೆಗೆ ಕರ್ಕೊಂಡು ಬಂದಿದ್ದೆ ಅಂತ ಹೇಳಿಬಿಡು. ಅಷ್ಟೇ ಸಾಕು.”

“ಸರ್, ಆಗ ತಪ್ಪೆಲ್ಲ ನನ್ನ ತಂಗಿ ಗಂಡನ ತಲೆ ಮೇಲೆ ಬರುತ್ತಲ್ಲ?”

“ಅವನಿಗೂ ಏನಾದ್ರೂ ಮಾಡೋಣ. ಇಲ್ದಿದ್ರೆ ಕಾರ್ಖಾನೆ ಮುಚ್ಚುತ್ತೆ. ಇಡೀ ಊರಿನ ಹೊಟ್ಟೆ ಮೇಲೆ ಹೊಡೀತೀಯಾ?”

ಅಂದು ಅವನು ಆಸ್ಪತ್ರೆಗೆ ಹೋದಾಗ ತಂಗಿ ಗಂಡನಿಗೆ ಗಂಜಿ ಕುಡಿಸುತ್ತಿದ್ದಳು.

“ವಾಲ್ವ್ ಸೋರ್ತಿದೆ ಅಂತ ಎಷ್ಟು ಸಲ ಬಡ್ಕೊಂಡೆ ಭಾವ,” ಎಂದು ಮಲಗಿದ್ದಲ್ಲಿಂದಲೇ ತಂಗಿಯ ಗಂಡ ಹೇಳಿದ. “ಈಗ ಸತ್ತೋರ ಮನೆಯವರು ನಾನೇ ಕೊಂದೆ ಅಂತಿದಾರೆ.”

ತಂಗಿ ಅಣ್ಣನ ಮುಖ ನೋಡಲಿಲ್ಲ. ಬಟ್ಟಲು ಕೆಳಗಿಟ್ಟು ಗಂಡನ ಗಲ್ಲ ಒರೆಸಿದಳು. ನಿಜ ಹೇಳಣ್ಣ ಎಂದು ಅವಳು ಬಾಯಿಬಿಟ್ಟು ಕೇಳಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ ಎನಿಸಿತು ಅವನಿಗೆ.

ವಿಚಾರಣೆಯ ದಿನ, ಇನ್‌ಸ್ಪೆಕ್ಟರನ್ನು ಎಲ್ಲಿಗೆ ಕರೆದೊಯ್ಯುತ್ತಿದ್ದೆ ಎಂದು ಅಧಿಕಾರಿ ಕೇಳಿದರು. ಮ್ಯಾನೇಜರು ಎದುರಿಗೇ ಕೂತಿದ್ದರು.

“ಗೆಸ್ಟ್ ಹೌಸಿನವರೆಗೆ ಮಾತ್ರ ಸರ್,” ಎಂದ. “ಪ್ರತಿ ವರ್ಷವೂ ಅಷ್ಟೇ. ಕಾರ್ಖಾನೆಗೆ ಅವರು ಒಂದು ಸಲವೂ ಬಂದಿಲ್ಲ.”

ಧೈರ್ಯವೇನೂ ಉಕ್ಕಿ ಬಂದಿರಲಿಲ್ಲ. ಸುಳ್ಳು ಹೇಳಿ ಅದನ್ನು ಕೊನೆತನಕ ಹೊರುವಷ್ಟು ತ್ರಾಣ ಉಳಿದಿರಲಿಲ್ಲ, ಅಷ್ಟೆ.

ಇನ್‌ಸ್ಪೆಕ್ಟರು ಸಸ್ಪೆಂಡಾದರು. ಮ್ಯಾನೇಜರನ್ನು ಕಂಪನಿ ಇನ್ನೊಂದು ಊರಿಗೆ ಕಳಿಸಿತು, ಇನ್ನೂ ದೊಡ್ಡ ಕುರ್ಚಿಗೆ. ತಂಗಿಯ ಗಂಡನ ಮೇಲಿನ ಆರೋಪ ಬಿದ್ದುಹೋಯಿತು. ಕಾರ್ಖಾನೆಗೂ ಬೀಗ ಬಿತ್ತು. ಕ್ಷೌರದಂಗಡಿಯಲ್ಲಿ ಅವನ ಸರದಿ ಬರುವುದೇ ನಿಂತಿತು. “ಬೀಗ ತೆರೀತು, ನಮ್ಮ ಬಾಯಿಗೆ ಮಣ್ಣು ಬಿತ್ತು” ಎಂದು ಜೊತೆಯವರೇ ಅವನಿಗೆ ಕೇಳುವಂತೆ ಆಡಿಕೊಂಡರು. ಮುಂದೆ ಹೊಸ ಬಾಯ್ಲರ್ ಕೂತು ಕೆಲಸ ಶುರುವಾದಾಗ ಎಲ್ಲರಿಗೂ ಕರೆ ಬಂತು, ಅವನಿಗೆ ಬರಲಿಲ್ಲ. ಈಗ ಶಾಲೆಯ ವ್ಯಾನು ಓಡಿಸುತ್ತಾನೆ.

ಒಂದು ಭಾನುವಾರ ಅವನು ತಂಗಿಯ ಮನೆಯಲ್ಲಿದ್ದಾಗ, ಸತ್ತವರಲ್ಲೊಬ್ಬನ ಹೆಂಡತಿ ಮೊದಲ ಸಲ ಆ ಮನೆಗೆ ಬಂದಳು. ತಂಗಿ ಚಹಾ ಕೊಟ್ಟಳು. ಎಡಗೈಯಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳಲು ಒದ್ದಾಡುತ್ತಿದ್ದ ತಂಗಿಯ ಗಂಡನನ್ನು ನೋಡುತ್ತ ಆಕೆ ನಿಧಾನವಾಗಿ ಕುಡಿದಳು. ಹೊರಡುವಾಗ “ಬರ್ತೀನಣ್ಣ” ಎಂದಳು, ಗಂಡಸರಿಬ್ಬರಲ್ಲಿ ಯಾರಿಗೆ ಹೇಳಿದಳೋ ತಿಳಿಯಲಿಲ್ಲ. ಅವನು ಕೂತಲ್ಲೇ ಗೋಡೆಗೆ ಒರಗಿ ಕಣ್ಣು ಮುಚ್ಚಿದ.