ಭೀಮಪ್ಪ ಕಾಕಾನಿಗೆ ಕೊಡಬೇಕಿದ್ದ ಮರಿ

“ಎಷ್ಟ ಮರಿ ಹಾಕೈತ್ರಿ ಅಕ್ಕೋರ?”

ಹೋದ ರವಿವಾರ ಮುಂಜಾನೆ ಚಿಕ್ಕೋಡಿಯ ನಮ್ಮ ಮನೆ ಗೇಟಿನಲ್ಲಿ ನಿಂತು ಭೀಮಪ್ಪ ಕಾಕಾ ಕೇಳಿದ ಪ್ರಶ್ನೆ ಇದು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಒಂದು ತೆಂಗಿನಕಾಯಿ. ನಮ್ಮ ಗೌರಿ ಅವರ ಕಾಲು ಮೂಸಿ ಬಾಲ ಅಲ್ಲಾಡಿಸುತ್ತಿದ್ದಳು. ನಾನು ಚಹಾ ಕಪ್ಪು ಹಿಡಿದು ನಿಂತಲ್ಲೇ ನಿಂತೆ.

ಗೌರಿ ಯಾರು ಅಂತ ಹೊಸ ಓದುಗರಿಗೆ ಹೇಳಬೇಕು. ನಮ್ಮ ನಾಯಿ. ಉದ್ದ ಮೂತಿ, ಉದ್ದ ಕಾಲು, ಬೆನ್ನಿಗೆ ಹತ್ತಿದ ಹೊಟ್ಟೆ. (“ಉಣ್ಣಾಕ ಹಾಕೂದಿಲ್ಲೇನ್ರಿ?” ಅಂತ ಓಣಿಯವರು ಇವತ್ತಿಗೂ ಕೇಳುತ್ತಾರೆ. ಅದರ ತಳಿಯೇ ಹಂಗ್ರೀಪಾ.) ಮುಧೋಳ ನಾಯಿ ಅಂತ ನಾವನ್ನುತ್ತೇವೆ. ಗಡಿಯಾಚೆಯವರು ಕಾರವಾನ ಅನ್ನುತ್ತಾರೆ. ದಿಗ್ಗೇವಾಡಿಯ ಕುರಿಗಾರ ಭೀಮಪ್ಪ ಕಾಕಾನಿಗೆ ಅದು ಬರೀ ‘ನಮ್ಮ ನಾಯಿ’.

ಮೂರು ವರ್ಷದ ಹಿಂದೆ ಆ ಮರಿ ಕೊಟ್ಟವರು ಅವರೇ. ಮಾರಲಿಲ್ಲ, ಕೊಟ್ಟರು. ಅವರ ಮನೆತನದಲ್ಲಿ ಹೆಣ್ಣುಮರಿ ಮಾರುವ ಪದ್ಧತಿ ಇಲ್ಲ. ಮರಿಯ ಹಣೆಗೆ ಅರಿಶಿಣದ ಭಂಡಾರ ಹಚ್ಚಿ, ನನ್ನ ಉಡಿಗೆ ಹಾಕಿ ಒಂದೇ ಮಾತು ಹೇಳಿದ್ದರು: “ಮೊದಲನೇ ಸೂಲಿನಾಗ ಒಂದ್ ಹೆಣ್ಣಮರಿ ನನಗ ತಿರಗಿ ಕೊಡಬೇಕ್ರಿ.”

“ಆಯ್ತು ಕಾಕಾ” ಅಂದಿದ್ದೆ. ಬಸ್ಸು ಹತ್ತುವಾಗ ಯಾರಾದರೂ “ಮತ್ತ ಬರ್ರಿ” ಅಂದರೆ ಆಯ್ತು ಅನ್ನುತ್ತೇವಲ್ಲ, ಅಷ್ಟೇ ಸಲೀಸಾಗಿ.

ಮುಂದೆ? ಇಂಟರ್ನೆಟ್ ಓದಿದೆ. ಜವಾಬ್ದಾರಿಯುತ ಪೆಟ್ ಓನರ್ ಆದೆ. ವರ್ಷ ತುಂಬಿದ ಮೇಲೆ ಗೌರಿಗೆ ಮರಿ ಆಗದಂತೆ ಆಪರೇಷನ್ ಮಾಡಿಸಿದೆ. “ಮುಂದ ಮರಿ ಬೇಕಾಗತಾವೇನ್ರಿ?” ಅಂತ ಡಾಕ್ಟರು ಕೇಳಿದ್ದರು. “ಬ್ಯಾಡ್ರಿ” ಅಂದೆ. ಭೀಮಪ್ಪ ಕಾಕಾ ನೆನಪಿಗೇ ಬರಲಿಲ್ಲ. ಮೇಲಿಂದ ಇದೇ ಅಂಕಣದಲ್ಲಿ ಆ ಬಗ್ಗೆ ನಿಮಗೆಲ್ಲ ಉಪದೇಶ ಬೇರೆ ಮಾಡಿದ್ದೆ.

ಈಗ ಅವರಿಗೆ ಏನಂತ ಹೇಳುವುದು? ಹೇಳಿದೆ. ಮರಿ ಆಗುವುದಿಲ್ಲ ಕಾಕಾ, ಆಪರೇಷನ್ ಆಗಿದೆ ಅಂದೆ.

ಅವರು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಮೆಟ್ಟಿಲ ಮೇಲೆ ಕೂತರು.

“ನನ್ನ ಎರಡೂ ನಾಯಿ ಮಳಿಗಾಲದಾಗ ಹೋದುವ್ರಿ. ಮೂಗ ಸೋರತಿತ್ತು, ಕಾಲ ನಡಗತಿದ್ದುವು. ಎಂಟ ದಿನದಾಗ ತಾಯಿ-ಮಗಳು ಎರಡೂ ಹೋದುವು. ಈಗ ತ್ವಾಳ ಬಂದ್ರ ನನಗ ಎಬ್ಬಿಸಾವ್ರ ಯಾರೂ ಇಲ್ರಿ. ನಮ್ಮವ್ವನ ಕಾಲದಿಂದ ಬಂದ ಬಳ್ಳಿ ಅದು. ಚಿಕ್ಕೋಡ್ಯಾಗ ಒಂದ ಐತಿ ಅಂತ ಧೈರ್ಯ ಇತ್ತು.”

ನಾನು ಚಹಾ ಕಪ್ಪು ಕೆಳಗಿಟ್ಟೆ. ತಲೆ ಎತ್ತಿ ಅವರ ಮುಖ ನೋಡಲಾಗಲಿಲ್ಲ.

ಇಲ್ಲಿ ನಮ್ಮ ಕ್ಲಬ್ಬಿನ ವಿಷಯ ಹೇಳಲೇಬೇಕು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದೂ ಕಡೆ ಈ ತಳಿಯ ನಾಯಿ ಸಾಕಿದವರು ಸೇರಿ ಹೋದ ವರ್ಷ ಒಂದು ಕ್ಲಬ್ ಮಾಡಿಕೊಂಡೆವು. ಹಾರೂಗೇರಿಯಲ್ಲಿ ಮೊದಲ ಮೀಟಿಂಗು. ಅಜೆಂಡಾ ಏನು? ಲೋಗೋ, ಟೀ-ಶರ್ಟು, ಡಾಗ್ ಶೋ, ಟ್ರೋಫಿ. (ಟ್ರೋಫಿ ಎಷ್ಟು ಎತ್ತರ ಇರಬೇಕು ಅಂತ ಮುಕ್ಕಾಲು ತಾಸು ಚರ್ಚೆ. ನಾಯಿಯ ಎತ್ತರದ ಬಗ್ಗೆ ಹತ್ತು ನಿಮಿಷ.)

ಅಧ್ಯಕ್ಷರು ಅಥಣಿ ಕಡೆಯ ದ್ರಾಕ್ಷಿ ತೋಟದ ಪಾಟೀಲರು. “ಶುದ್ಧ ತಳಿ ಉಳಸಬೇಕ್ರಿ” ಅಂದರು. “ಕುರಿಗಾರರ ನಾಯಿಗೆ ಕಾಗದ ಎಲ್ಲಿ ಅದಾವು? ಅಪ್ಪ ಯಾರು, ಅವ್ವ ಯಾರು, ಹೆಂಗ ತಿಳೀಬೇಕು?” ಚಪ್ಪಾಳೆ ಬಿತ್ತು.

ಅಡ್ಡ ಮಾತಾಡಿದವರು ಒಬ್ಬರೇ, ಸೆಕ್ರೆಟರಿ ಸುನೀತಾ ಕಾಂಬಳೆ. ಬೋರಗಾಂವದವರು, ಪಶು ಆಸ್ಪತ್ರೆಯಲ್ಲಿ ನೌಕರಿ. “ಮೊದಲ ಕುರಿಹಟ್ಟಿಗೆ ಹೋಗಿ ನಾಯಿಗೋಳಿಗೆ ಇಂಜೆಕ್ಷನ್ ಮಾಡೂಣು. ಯಾವ ಮರಿ ಯಾರ ಕೈಯಿಂದ ಯಾರ ಮನಿಗೆ ಹೋತು ಅಂತ ಬರದ ಇಡೂಣು. ಶೋ ಆಮ್ಯಾಲ ಮಾಡಿದ್ರಾತು” ಅಂದರು.

ಕೈ ಎತ್ತಿಸಿದಾಗ ನಾನು ಶೋ ಕಡೆಗೇ ಎತ್ತಿದೆ. ಸುಳ್ಳು ಯಾಕೆ ಹೇಳಲಿ? ಗೌರಿಗೊಂದು ಟ್ರೋಫಿ ಬಂದೀತು ಅನ್ನುವ ಆಸೆ. ಆಪರೇಷನ್ ಆದ ನಾಯಿ ಅಲ್ಲಿ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಅಂತಲೂ ವಿಚಾರಿಸಿರಲಿಲ್ಲ.

ಕಾಂಬಳೆ ಬಾಯಿ (ನಮ್ಮ ಗಡಿ ಕಡೆ ಹೆಣ್ಣುಮಕ್ಕಳನ್ನು ಗೌರವದಿಂದ ಹಂಗ ಕರೆಯುತ್ತೇವೆ) ಸಿಟ್ಟಾಗಲಿಲ್ಲ. ಸ್ಕೂಟಿಗೆ ಲಸಿಕೆಯ ಐಸ್ ಡಬ್ಬಿ ಕಟ್ಟಿಕೊಂಡು, ರಜೆ ಸಿಕ್ಕಾಗೆಲ್ಲ ಒಬ್ಬರೇ ಹೊರಟರು. ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತ ಹೋದರು. ಒಬ್ಬರಿಂದಲೇ ದಿಗ್ಗೇವಾಡಿ ತನಕ ಮುಟ್ಟುವುದು ಆಗಲಿಲ್ಲ. ನಾವೂ ಜೊತೆಗೆ ಹೋಗಿದ್ದರೆ ಕಾಕಾನ ನಾಯಿಗಳು ಉಳಿಯುತ್ತಿದ್ದವೇನೋ.

ಆ ಮುಂಜಾನೆ ನನಗೆ ಹೊಳೆದದ್ದು ಅವರ ಹೆಸರೊಂದೇ. ಫೋನ್ ಹಚ್ಚಿ, ಕಾಕಾ ಹೇಳಿದ್ದನ್ನೆಲ್ಲ ಹೇಳಿದೆ. ಗೌರಿಯ ಜೊತೆ ಹುಟ್ಟಿದ ಇನ್ನೊಂದು ಹೆಣ್ಣುಮರಿಯನ್ನು ಕಾಕಾ ಕಾಗವಾಡದ ತಮ್ಮ ಷಡ್ಡಕನಿಗೆ ಕೊಟ್ಟಿದ್ದರಂತೆ. ಷಡ್ಡಕ ಕುರಿ ಸಾಕುವುದು ಬಿಟ್ಟ, ನಾಯಿಯನ್ನು ಯಾರಿಗೋ ಕೊಟ್ಟ, ಆಮೇಲೆ ತೀರಿಕೊಂಡ. ನಾಯಿ ಎಲ್ಲಿ ಹೋಯಿತೋ ಗೊತ್ತಿಲ್ಲ.

“ಆತ್ರಿ, ಬುಕ್ ನೋಡತೇನಿ, ತಡೀರಿ” ಅಂದರು ಕಾಂಬಳೆ ಬಾಯಿ. ಹಾಳೆ ತಿರುವುವ ಸಪ್ಪಳ ಕೇಳಿಸಿತು. “ಐತ್ರಿ. ಹುಟ್ಟಿದ್ದು ದಿಗ್ಗೇವಾಡಿ, ಕಾಗವಾಡದಿಂದ ಅಥಣಿಗೆ ಬಂದೈತಿ. ತೊಡಿ ಮ್ಯಾಲೆ ಗಾಯದ ಗುರ್ತ. ತ್ವಾಟದ ಆಳಮನಷ್ಯಾ ಹೇಳಿ ಬರಸ್ಯಾನ. ಅಕ್ಕೋರ, ಇದು ಪಾಟೀಲ ಸಾಹೇಬ್ರ ರಾಣಿ. ಮರಿ ಹಾಕಿ ಎರಡ ತಿಂಗಳಾತು.”

ರಾಣಿ ಅಂದರೆ ಯಾರು ಗೊತ್ತೇ? ನಮ್ಮ ಕ್ಲಬ್ಬಿನ ಬ್ಯಾನರ್ ಮೇಲೆ ಫೋಟೋ ಇರುವ ನಾಯಿ!

ಮಧ್ಯಾಹ್ನ ಬಾಯಿಯನ್ನೂ ಕಾಕಾನನ್ನೂ ಕಾರಿನಲ್ಲಿ ಕೂರಿಸಿಕೊಂಡು ಅಥಣಿಗೆ ಹೋದೆ. ಪಾಟೀಲರು ಚಹಾ ಕೊಟ್ಟರು, ಮಾತು ಕೊಡಲಿಲ್ಲ.

“ಹೆಣ್ಣಮರಿ ಇರೂದ ಒಂದ್ರಿ. ಶೋಕ್ಕಂತ ಇಟ್ಟೇನಿ. ಮತ್ತ ರಾಣಿ ಇವರ ಹಟ್ಟಿದು ಅಂತ ಹೆಂಗ ನಂಬೂದು? ತೊಡಿ ನೋಡ್ರಿ. ತ್ವಾಳದ ಜೋಡಿ ಕಾದಾಡಿದ ನಾಯಿ ಅದು.”

ಭೀಮಪ್ಪ ಕಾಕಾ ಕುಕ್ಕರಗಾಲಲ್ಲಿ ಕೂತು ಗಾಯದ ಮೇಲೆ ಬೆರಳಾಡಿಸಿದರು.

“ತ್ವಾಳ ಅಲ್ರಿ ಸಾಹೇಬ್ರ. ಸಣ್ಣಾಕಿದ್ದಾಗ ಹಾಲಿನ ಆಸೆಕ್ಕ ಕುರಿ ಕೆಚ್ಚಲಿಗೆ ಬಾಯಿ ಹಾಕಿದ್ಳು. ಕುರಿ ಒದೀತು, ಹೋಗಿ ಮುಳ್ಳಬೇಲ್ಯಾಗ ಬಿದ್ಳು. ನಾನ ಅರಿಶಿಣ ಹಚ್ಚೇನಿ. ಒಳಮಗ್ಗಲಕ ಇನ್ನೊಂದ್ ಸಣ್ಣ ಗಾಯ ಐತಿ, ಕಾಲ ಎತ್ತಿ ನೋಡ್ರಿ.”

ಪಾಟೀಲರು ಕಾಲೆತ್ತಿ ನೋಡಿದರು. ಇತ್ತು.

ಮೊದಲು ನಕ್ಕವರು ಬಾಗಿಲಲ್ಲಿ ನಿಂತಿದ್ದ ಪಾಟೀಲರ ಹೆಂಡತಿ. ಆಮೇಲೆ ನಾವು. ಕೊನೆಗೆ ಪಾಟೀಲರೂ. “ಅರೇ ದೇವಾ, ಊರ ತುಂಬ ತ್ವಾಳದ ಕತಿ ಹೇಳಿ ಬಂದೇನಲ್ರಿ” ಅಂದರು.

ನಗು ನಿಂತ ಮೇಲೆ ಅವರು ಸ್ವಲ್ಪ ಹೊತ್ತು ಮರಿಯನ್ನೇ ನೋಡಿದರು. ಒಳ್ಳೇ ಮರಿ, ಬಿಡುವುದು ಸುಲಭವಲ್ಲ. ಆಮೇಲೆ ಮರಿಯನ್ನು ಎತ್ತಿ ಕಾಕಾನ ಕಂಬಳಿಯಲ್ಲಿಟ್ಟರು.

“ಅಪ್ಪ ಯಾರು, ಅವ್ವ ಯಾರು ಅಂತ ಮೀಟಿಂಗಿನ್ಯಾಗ ಕೇಳಿದಾಂವ ನಾನ. ಹೇಳಾವ್ರ ನೀವಿದ್ರಿ, ನಾವ ನಿಮ್ಮನ್ನ ಕರೀಲಿಲ್ಲ. ತಗೋರಿ.”

ಕಾಕಾ ತೆಂಗಿನಕಾಯಿಯನ್ನು ಪಾಟೀಲರ ಹೆಂಡತಿಯ ಕೈಗೆ ಕೊಟ್ಟರು. ಚೀಲದಿಂದ ಭಂಡಾರ ತೆಗೆದು ಮರಿಗೂ ಪಾಟೀಲರಿಗೂ ಹಚ್ಚಿದರು. ಕಾಂಬಳೆ ಬಾಯಿ ಅಲ್ಲೇ ಮರಿಗೆ ಮೊದಲ ಇಂಜೆಕ್ಷನ್ ಹಾಕಿ, ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದರು. ನನ್ನ ಕಣ್ಣು ತುಂಬಿ ಬಂತು. ಅದರಲ್ಲಿ ಮುಚ್ಚಿಡುವುದೇನಿದೆ?

ಎರಡನೇ ಇಂಜೆಕ್ಷನ್ ದಿಗ್ಗೇವಾಡಿಯ ಹಟ್ಟಿಯಲ್ಲಿ. ಈ ಸಲ ಪಾಟೀಲರ ಜೀಪಿನಲ್ಲಿ ಎಲ್ಲರೂ ಹೋಗುತ್ತೇವೆ. ದಾರಿಯಲ್ಲಿ ಸಿಗುವ ಹಟ್ಟಿಗಳ ನಾಯಿಗಳಿಗೂ ಆವತ್ತೇ. ಶೋ ಮುಂದಕ್ಕೆ ಹೋಗಿದೆ. ವಾಟ್ಸಾಪ್ ಗ್ರೂಪಿನಲ್ಲಿ ಟ್ರೋಫಿ ಬಗ್ಗೆ ಈ ವಾರ ಯಾರೂ ಕೇಳಿಲ್ಲ.

ಆಪರೇಷನ್ ಮಾಡಿಸಬೇಡಿ ಅಂತ ಮಾತ್ರ ನಾನು ಹೇಳುತ್ತಿಲ್ಲ ಮತ್ತೆ. ಬೀದಿಗೆ ಬಿದ್ದ ಮರಿಗಳ ಪಾಡು ನೋಡಿದರೆ ಮಾಡಿಸುವುದೇ ಸರಿ. ಗೌರಿಯ ವಿಷಯದಲ್ಲಿ ಇನ್ನೊಬ್ಬರನ್ನು ಕೇಳಬೇಕಿತ್ತು, ಕೇಳಲಿಲ್ಲ. ನನ್ನ ತಪ್ಪು ಅದು.

ತಿರುಗಿ ಬರುವಾಗ ಕಾರಿನಲ್ಲಿ ಅದನ್ನೇ ಹೇಳಿದೆ. ಕಂಬಳಿಯಲ್ಲಿ ಮರಿ ನಿದ್ದೆ ಹೋಗಿತ್ತು.

“ನಾಯಿ ನಿಮ್ದ ಅಕ್ಕೋರ, ಇಲ್ಲ ಅನ್ನೂದಿಲ್ಲ” ಅಂದರು ಕಾಕಾ. “ಒಂದ್ ಮಾತ ಕೇಳಿದ್ರ, ಒಂದ್ ಸೂಲ ತಡೀರಿ ಅಂತಿದ್ನಿ. ಅಷ್ಟೇ ರೀ.”

ಮನೆಗೆ ಬಂದ ಜೀವ ಪೂರ್ತಿ ನಮ್ಮೊಬ್ಬರದೇ ಅಂತ ನಮಗೆ ಕಲಿಸಿದವರು ಯಾರು?