ಚಿಗರಿಗಳಿಗೆಂದು ಬಿತ್ತಿದ ಕಲ್ಲುಹೊಲ

ನಾನು ಸವಣೂರಿನಿಂದ ಚಿಕ್ಕೇರೂರಿನ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದು ನಾಲ್ಕು ವರ್ಷವಾಗಿತ್ತು. ಅರವತ್ತರ ದಶಕದ ನಡುವಿನ ಮಾತು. ಆ ನಾಲ್ಕೂ ವರ್ಷ ನಮ್ಮ ಹಿಂಗಾರಿ ಜೋಳ ಗೇಣುದ್ದ ಎದ್ದಿತೋ ಇಲ್ಲವೋ, ಚಿಗರಿಗಳು ಬಂದು ಮೇಯ್ದು ಹೋಗುತ್ತಿದ್ದವು. ಕೃಷ್ಣಮೃಗ ಎಂದು ಪುಸ್ತಕದಲ್ಲಿ ಬರೆಯುವ ಪ್ರಾಣಿಗೆ ನಮ್ಮ ಕಡೆ ಚಿಗರಿ ಎನ್ನುತ್ತಾರೆ. ಊರಿನ ಮೂಡಲಿಗೆ ದೊಡ್ಡ ಹುಲ್ಲುಗಾವಲಿತ್ತು, ಅವುಗಳ ವಾಸ ಅಲ್ಲಿ. ಆ ಕಾವಲಿಗೂ ಕಪ್ಪು ಮಣ್ಣಿನ ನಮ್ಮ ಎರೆ ಹೊಲಕ್ಕೂ ನಡುವೆ ನಮ್ಮದೇ ಎಂಟು ಎಕರೆ ಕಲ್ಲುಹೊಲ ಬೀಳುಬಿದ್ದಿತ್ತು. ಅದನ್ನು ದಾಟಿ ಕೆಳಗಿಳಿದರೆ ಜೋಳ.

ಮಾವನವರ ಹತ್ತಿರ ಪರವಾನಗಿಯ ಬಂದೂಕಿತ್ತು. ಹರೆಯದಲ್ಲಿ ಅವರು ಒಂದು ಚಿಗರಿಯನ್ನು ಹೊಡೆದಿದ್ದರಂತೆ. ಹತ್ತಿರ ಹೋಗಿ ನೋಡಿದರೆ ಅದು ಗಬ್ಬದ ಹೆಣ್ಣು. ಆ ದಿನ ಅವರು ಉಣ್ಣಲಿಲ್ಲ, ಮತ್ತೆಂದೂ ಬಂದೂಕು ಎತ್ತಲಿಲ್ಲ ಎಂದು ಅತ್ತೆ ನನಗೆ ಹೇಳಿದ್ದರು. ಆದರೆ ಅವರು ಕೈಕಟ್ಟಿ ಕೂತರೆ ಪಕ್ಕದ ಹೊಲದವರಿಗೂ ನಷ್ಟ. ಆ ವರ್ಷ ಶ್ರಾವಣದಲ್ಲಿ ಬದುವಿನ ಆಚೆಯ ಹೊಲದ ಗೌಡರು ನಮ್ಮ ಕಟ್ಟೆಯ ಮೇಲೆ ಬಂದು ಕೂತು, ಇನ್ನು ತಮ್ಮಿಂದ ತಡೆಯಲಾಗುವುದಿಲ್ಲ, ಬೇಟೆಗಾರರನ್ನು ಕರೆಸಿ ಇಡೀ ಹಿಂಡನ್ನೇ ಮುಗಿಸುವುದಾಗಿ ಹೇಳಿದರು. ಮಾವನವರು ಎಲೆ ಅಡಿಕೆಯ ತಟ್ಟೆಯನ್ನು ಅವರ ಕಡೆ ಸರಿಸಿದರು, ಅಷ್ಟೇ.

ನಾನು ಪಡಸಾಲೆಯ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ಹಿಂದಿನ ವರ್ಷ ಬುತ್ತಿ ಹೊತ್ತು ಹೋಗುವಾಗ ಕಂಡ ಒಂದು ಸಂಗತಿ ನನ್ನ ಮನಸ್ಸಿನಲ್ಲಿ ಕೂತಿತ್ತು. ಕಲ್ಲುಹೊಲದ ಮೂಲೆಯಲ್ಲಿ ಯಾರದೋ ಚೀಲದಿಂದ ಉದುರಿದ ಹುರಳಿ ತಾನೇ ಹುಟ್ಟಿ ಒಂದು ಕಣದಷ್ಟು ಜಾಗ ಹಸಿರಾಗಿತ್ತು. ಅದು ಮುಗಿಯುವವರೆಗೆ, ನಾಲ್ಕು ದಿನ, ಹಿಂಡು ಅಲ್ಲೇ ನಿಂತಿತ್ತು. ಒಂದೂ ಕೆಳಗಿಳಿದು ಜೋಳಕ್ಕೆ ಬಾಯಿ ಹಾಕಿರಲಿಲ್ಲ.

ಗೌಡರು ಎದ್ದು ಹೋದ ಮೇಲೆ ಮಾವನವರಿಗೆ ನೀರು ಕೊಡಲು ಹೋದವಳು ಅಲ್ಲೇ ನಿಂತೆ. ಮಾವನವರ ಎದುರು ನಿಂತು ಹೊಲಮನೆಯ ಮಾತನ್ನು ನಾನಾಗಿ ಎತ್ತಿದ್ದು ಅದೇ ಮೊದಲು.

"ಮಾವಾರ, ಕಲ್ಲಹೊಲ ಚಿಗರಿ ಸಲುವಾಗಿನ ಬಿತ್ತಿದ್ರ ಹ್ಯಾಂಗರಿ?"

ಅವರು ಚೊಂಬು ಹಿಡಿದುಕೊಂಡೇ ನನ್ನನ್ನು ನೋಡಿದರು. ನಾನು ಕಂಡದ್ದನ್ನೆಲ್ಲ ಹೇಳಿದೆ. ಜೋಳ ಮೊಳೆಯುವ ಹೊತ್ತಿಗೆ ಮೇಲೆ ಹುರಳಿ ಹರಡಿದ್ದರೆ ಅವು ಕೆಳಗೆ ಯಾಕೆ ಬರುತ್ತವೆ ಎಂದೆ.

ಅವರು ಚೊಂಬನ್ನು ಕೆಳಗಿಟ್ಟು ಹೇಳಿದರು, "ಎತ್ತು ಸಿಗೂದಿಲ್ಲ ಯವ್ವಾ. ಎರಿ ಹೊಲ ಹರಗೂದರಾಗ ಅವು ಸೋತಾವ. ನಿನ್ನ ಗಂಡನ ಟ್ರ್ಯಾಕ್ಟರ್ ಮ್ಯಾಲ ಆಗೂದಾದ್ರ ಮಾಡ್ರಿ. ಚೌತಿ ತನಕ ಗೌಡರನ್ನ ನಾ ತಡೀತೇನಿ. ಅಷ್ಟರಾಗ ಅಲ್ಲಿ ಹಸರು ಕಾಣಬೇಕು."

ಟ್ರ್ಯಾಕ್ಟರ್ ಎಂದರೆ ಹಿಂದಿನ ವರ್ಷ ನನ್ನ ಗಂಡ ಹಟ ಹಿಡಿದು ತಂದಿದ್ದ ಒಂದು ಸಣ್ಣ ಗಾಡಿ. ಅದರ ಜೊತೆ ಬಂದಿದ್ದು ಟ್ರೇಲರ್ ಒಂದೇ. ಗೊಬ್ಬರ ಹೇರಲು, ಸಂತೆಗೆ ಮೆಣಸಿನಕಾಯಿ ಒಯ್ಯಲು ಉಪಯೋಗವಾಗುತ್ತಿತ್ತೇ ಹೊರತು ಹೊಲದೊಳಗೆ ಅದು ಇಳಿದಿರಲೇ ಇಲ್ಲ. ಹಿಂದೆ ಕಟ್ಟುವ ಸಾಮಾನು ಬೇಕೆಂದರೆ ಸವಣೂರಿಗೆ ಹೋಗಬೇಕು. ಅಲ್ಲಿ ಶಿಗ್ಗಾವಿ ಕಡೆಯ ವ್ಯಾಪಾರಿಯೊಬ್ಬರು ಹೊಸತಾಗಿ ಅಂಗಡಿ ತೆರೆದಿದ್ದರು. ತವರುಮನೆಗೆ ಹೋಗಿ ಬಂದಂತೆಯೂ ಆಗುತ್ತದೆ ಎಂದು ನಾನೂ ಟ್ರೇಲರಿನಲ್ಲಿ ಹುಲ್ಲು ಹಾಸಿ ಕೂತೆ. ಹಾನಗಲ್ ದಾಟಿ, ಬಂಕಾಪುರದ ಮೇಲೆ ಹಾಯ್ದು ಸವಣೂರು ಮುಟ್ಟುವಷ್ಟರಲ್ಲಿ ಮೈಯ ಕೀಲುಗಳೆಲ್ಲ ಸಡಿಲಾಗಿದ್ದವು.

ಅಂಗಡಿಯ ಹಿತ್ತಲಿನಲ್ಲಿ ಮೂರು ತರದ ಸಾಮಾನು ಸಾಲಾಗಿ ನಿಂತಿದ್ದವು. ಆಳಕ್ಕೆ ಉಳುವ ಎರಡು ಕುಳದ ಕಬ್ಬಿಣದ ರಂಟೆ, ಹೆಂಟೆ ಒಡೆಯಲು ಹೊಳೆಯುವ ಉಕ್ಕಿನ ತಟ್ಟೆಗಳ ಕುಂಟೆ, ಮತ್ತೆ ಐದು ಹಲ್ಲಿನ ಒಂದು ಕಲ್ಟಿವೇಟರ್. ಪ್ರತಿ ಹಲ್ಲಿಗೂ ದಪ್ಪ ಸ್ಪ್ರಿಂಗ್ ಇತ್ತು. ನನ್ನ ಗಂಡನ ಕಣ್ಣು ತಟ್ಟೆಗಳ ಮೇಲೆ ನೆಟ್ಟಿತು. ಅವರು ಒಂದು ತಟ್ಟೆಯನ್ನು ಬೆರಳಿನಿಂದ ತಿರುಗಿಸಿ ನೋಡಿ ನಕ್ಕರು. ವ್ಯಾಪಾರಿ ಬಹಳ ಉತ್ಸಾಹದಿಂದ ಅದನ್ನೇ ಟ್ರ್ಯಾಕ್ಟರಿಗೆ ಕಟ್ಟಿಸಿ, ಎಲೆಬಳ್ಳಿ ತೋಟದ ಮಗ್ಗುಲಿನ ಮೆತ್ತನೆಯ ಮಣ್ಣಿನಲ್ಲಿ ಹೊಡೆಸಿ ತೋರಿಸಿದರು. ಮಣ್ಣು ಹಿಟ್ಟಿನಂತೆ ಪುಡಿಯಾಯಿತು. ಗಂಡ ನನ್ನ ಕಡೆ ತಿರುಗಿ, ನೋಡಿದೆಯಾ ಎನ್ನುವಂತೆ ಹುಬ್ಬು ಹಾರಿಸಿದರು.

ನಮ್ಮ ಹೊಲ ಹಾಗಿರಲಿಲ್ಲ. ಬುತ್ತಿ ಹೊತ್ತು ಹೋಗುವಾಗ ಆ ಕಲ್ಲುಗಳ ಮೇಲೆ ಎಷ್ಟು ಸಲ ನನ್ನ ಕಾಲ ಬೆರಳು ಒಡೆದಿತ್ತೋ ನನಗೇ ಗೊತ್ತು. ತೋಟದ ಆಚೆ ಒಂದು ಬೀಳು ನೆಲ ಕಂಡಿತು. ಅಲ್ಲಿ ಇಳಿಜಾರೂ ಇತ್ತು, ಕಲ್ಲೂ ಇತ್ತು.

"ಇಲ್ಲಿ ಬ್ಯಾಡ್ರಿ," ಎಂದೆ. "ಆ ಕಲ್ಲ ನೆಲದಾಗ ಹೊಡದು ತೋರಸ್ರಿ."

ವ್ಯಾಪಾರಿ ನನ್ನನ್ನಲ್ಲ, ನನ್ನ ಗಂಡನನ್ನು ನೋಡಿದರು. ಗಂಡ ತಲೆ ತುರಿಸಿಕೊಂಡರು. ಅಂಗಡಿಯಲ್ಲಿ ಕೆಲಸಕ್ಕಿದ್ದ ಬಿಳಿ ಗಡ್ಡದ ಮಿಸ್ತ್ರಿಯವರು ಮಾತ್ರ ಟ್ರ್ಯಾಕ್ಟರ್ ಏರಿ ಆ ಕಡೆ ತಿರುಗಿಸಿಬಿಟ್ಟರು.

ಅಲ್ಲಿ ತಟ್ಟೆಗಳ ಬಣ್ಣ ಬಯಲಾಯಿತು. ಕಲ್ಲು ಸಿಕ್ಕಲ್ಲೆಲ್ಲ ಅವು ಮೇಲೆ ಹತ್ತಿ ಕರಕರ ಎನ್ನುತ್ತ ಉರುಳಿ ಹೋದವು, ನೆಲಕ್ಕೆ ಗೀರು ಕೂಡ ಬೀಳಲಿಲ್ಲ. ಏರಿನಲ್ಲಿ ತಿರುಗಿಸಲು ಅದನ್ನು ಎತ್ತಿದಾಗ ಹಿಂದಿನ ಭಾರಕ್ಕೆ ಟ್ರ್ಯಾಕ್ಟರಿನ ಮುಂದಿನ ಗಾಲಿಗಳೇ ನೆಲ ಬಿಟ್ಟವು. ಮಿಸ್ತ್ರಿಯವರು ತಟ್ಟನೆ ಕೆಳಗಿಳಿಸಿದರು. ಆಮೇಲೆ ರಂಟೆ ಕಟ್ಟಿದರು. ಅದು ಆಳಕ್ಕೆ ಇಳಿದು ಹಾಸುಗಲ್ಲುಗಳನ್ನೂ ಕೆಳಗಿನ ಬಿಳಿ ಗರಸು ಮಣ್ಣನ್ನೂ ಮೇಲೆ ತಂದು ಹಾಕಿತು. ಆ ಗರಸಿನಲ್ಲಿ ಹುರಳಿ ಕೂಡ ಹುಟ್ಟುವುದಿಲ್ಲ. ಕೊನೆಗೆ ಐದು ಹಲ್ಲಿನದು. ಹಲ್ಲು ಕಲ್ಲಿಗೆ ತಾಗಿದೊಡನೆ ಸ್ಪ್ರಿಂಗ್ ಹಿಂದಕ್ಕೆ ಬಾಗಿ ಕಲ್ಲನ್ನು ದಾಟಿಸಿ ಮತ್ತೆ ಮಣ್ಣಿಗೆ ಇಳಿಯುತ್ತಿತ್ತು. ನಾಲ್ಕು ಬೆರಳು ಆಳ ಮಣ್ಣು ಸಡಿಲಾಗಿ ಮೇಲಿನದು ಮೇಲೆಯೇ ಉಳಿಯಿತು. ನಾನು ಬಗ್ಗಿ ಆ ಮಣ್ಣನ್ನು ಹಿಡಿಯಲ್ಲಿ ಹಿಡಿದು ನೋಡಿದೆ.

ಮಿಸ್ತ್ರಿಯವರು ಇಳಿದು ಬಂದು ನನ್ನ ಗಂಡನಿಗೆಂದರು, "ಅಕ್ಕಾರು ಹೇಳಿದ್ದ ಖರೆ ಐತ್ರಿ. ನಿಮ್ಮ ಸಣ್ಣ ಗಾಡಿಗೆ ಇದ ತಕ್ಕದ್ದು. ನೆಲ ಗಟ್ಟಿ ಆದ್ರ ಎರಡು ಹಲ್ಲು ಬಿಚ್ಚಿ ಮೂರರ ಮ್ಯಾಲ ಹೊಡೀರಿ."

ನನ್ನ ಗಂಡ ತಟ್ಟೆಗಳ ಕಡೆಗೆ ಇನ್ನೊಮ್ಮೆ ನೋಡಿ, ಆಗಲಿ ಎಂದು ತಲೆಯಾಡಿಸಿದರು. ತವರಿನಲ್ಲಿ ಅವ್ವ ಕಟ್ಟಿಕೊಟ್ಟ ಸವಣೂರು ಖಾರ ತಿಂಡಿಯ ಪೊಟ್ಟಣ ಮಡಿಲಲ್ಲಿಟ್ಟುಕೊಂಡು, ಟ್ರೇಲರಿನಲ್ಲಿ ಆ ಐದು ಹಲ್ಲಿನ ಪಕ್ಕ ಕೂತು ನಾನು ಊರಿಗೆ ವಾಪಸಾದೆ.

ಹೊಲ ಹದವಾಗಲು ಎರಡು ದಿನ ಸಾಕಾಯಿತು. ಮಿಸ್ತ್ರಿಯವರು ಹೇಳಿದಂತೆ ಮೊದಲು ಮೂರು ಹಲ್ಲಿನ ಮೇಲೆ ಉದ್ದಕ್ಕೆ ಹೊಡೆದು, ಆಮೇಲೆ ಐದೂ ಹಾಕಿ ಅಡ್ಡಕ್ಕೆ ಹೊಡೆದೆವು. ಇನ್ನು ಬಿತ್ತುವುದು. ಕೈಯಿಂದ ಎರಚಿದರೆ ನವಿಲು, ಬೆಳವ ಹಕ್ಕಿಗಳು ಒಂದು ಕಾಳನ್ನೂ ಉಳಿಸುವುದಿಲ್ಲ. ಬೀಜ ಮಣ್ಣೊಳಗೇ ಬೀಳಬೇಕು. ಸಣ್ಣ ಟ್ರ್ಯಾಕ್ಟರಿಗೆ ಹೊಂದುವ ಬಿತ್ತುವ ಸಾಮಾನು ಸವಣೂರಿನಲ್ಲಿ ಇರಲಿಲ್ಲ. ಆಗ ನಾನು ದನದ ಕೊಟ್ಟಿಗೆಯ ಅಟ್ಟದ ಮೇಲಿದ್ದ ನಮ್ಮ ಮನೆಯ ಕೂರಿಗೆಯನ್ನು ತೋರಿಸಿದೆ. ಮೇಲಿನ ಮರದ ಬಟ್ಟಲಿಗೆ ಕಾಳು ಬಿಟ್ಟರೆ ಮೂರು ಬಿದಿರಿನ ಕೊಳವೆಗಳಲ್ಲಿ ಇಳಿದು ಮೂರು ಸಾಲಿಗೆ ಬೀಳುವ ಹಳೆಯ ಕೂರಿಗೆ ಅದು. ಬಡಿಗೇರರು ಬಂದು ಎತ್ತಿಗೆ ಕಟ್ಟುವ ಅದರ ಉದ್ದನೆಯ ಈಸನ್ನು ಮೋಟು ಮಾಡಿ, ಕಬ್ಬಿಣದ ಪಟ್ಟಿ ಬಡಿದು ಟ್ರ್ಯಾಕ್ಟರಿನ ಹಿಂದೆ ಕೂಡಿಸಿದರು. ಬೀಜದ ಮೇಲೆ ಮಣ್ಣು ಮುಚ್ಚಲು ಒಂದು ಬೇವಿನ ಕೊರಡನ್ನು ಸರಪಳಿಯಿಂದ ಅದರ ಹಿಂದೆ ಬಿಟ್ಟೆವು.

ಕೂರಿಗೆಗೆ ಬೀಜ ಬಿಡುವುದು ನಮ್ಮಲ್ಲಿ ಹೆಣ್ಣುಮಕ್ಕಳ ಕೆಲಸ. ಬೆರಳುಗಳ ನಡುವಿನಿಂದ ಕಾಳು ಒಂದೇ ಸಮ ಜಾರಬೇಕು. ನಾನು ಮಡಿಲು ತುಂಬ ಹುರಳಿ ಕಟ್ಟಿಕೊಂಡು ಹಿಂದೆ ನಡೆದೆ. ಟ್ರ್ಯಾಕ್ಟರ್ ಹೊರಟಿತು. ಹತ್ತು ಮಾರು ಹೋಗುವಷ್ಟರಲ್ಲಿ ನಾನು ಓಡುತ್ತಿದ್ದೆ. ಒಂದು ಕೊಳವೆಗೆ ಮಣ್ಣು ಮೆತ್ತಿ ಕಾಳು ನಿಂತುಹೋಯಿತು. ನಿಲ್ಲಿಸಿ ಎಂದು ಎಷ್ಟು ಕೂಗಿದರೂ ಎಂಜಿನ್ನಿನ ಸಪ್ಪಳದಲ್ಲಿ ಗಂಡನಿಗೆ ಕೇಳಲಿಲ್ಲ. ಹೊಲದ ತುದಿ ಮುಟ್ಟಿದ ಮೇಲೆಯೇ ಅವರು ಹಿಂತಿರುಗಿ ನೋಡಿದ್ದು. ಬದುವಿನ ಮೇಲೆ ನಿಂತಿದ್ದ ಗೌಡರು ನಗುತ್ತಿದ್ದರು.

ಅತ್ತೆ ಅಲ್ಲಿಯವರೆಗೆ ಮರದ ಕೆಳಗೆ ಸುಮ್ಮನೆ ಕೂತಿದ್ದರು. ಆ ಊರಿನಲ್ಲಿ ಬೀಜ ಬಿಡುವುದರಲ್ಲಿ ಅವರ ಕೈಗೆ ಸಮನಾದ ಕೈ ಇರಲಿಲ್ಲ, ಆದರೆ ಮೊಣಕಾಲು ನೋವು ಬಂದ ಮೇಲೆ ಬಿಟ್ಟಿದ್ದರು. ಈಗ ಸೆರಗು ಸಿಕ್ಕಿಸಿಕೊಂಡು ಎದ್ದು ಬಂದರು.

"ಎತ್ತಿಗಿ ಹೋ ಅಂದ್ರ ನಿಲ್ತಾವ. ಇದಕ್ಕ ಕಿವಿ ಎಲ್ಲೈತಿ?" ಎಂದವರು ಮಗನ ಎಡಗೈ ತೋಳಿಗೆ ಒಂದು ಹಗ್ಗ ಕಟ್ಟಿ ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟರು. ಒಮ್ಮೆ ಎಳೆದರೆ ನಿಧಾನ, ಎರಡು ಸಲ ಎಳೆದರೆ ನಿಲ್ಲಬೇಕು. ಮಗನಿಗೆ, ಎಲ್ಲಕ್ಕಿಂತ ಕೆಳಗಿನ ಗೇರಿನಲ್ಲಿ, ಎತ್ತು ನಡೆದಂತೆ ನಡೆಸು ಎಂದು ಹೇಳಿ ಬಟ್ಟಲಿನ ಮೇಲೆ ತಾವೇ ಕೈ ಇಟ್ಟರು. ಅವರ ಹಿಡಿಯಿಂದ ಹುರಳಿ ನೀರಿನಂತೆ ಇಳಿಯಿತು. ನಾನು ಪಕ್ಕದಲ್ಲಿ ನಡೆಯುತ್ತ ಕೊಳವೆಗಳ ಮೇಲೆ ಕಣ್ಣಿಟ್ಟು ಹಗ್ಗ ಎಳೆಯುತ್ತಿದ್ದೆ. ಅವರು ದಣಿದಾಗ ಬಟ್ಟಲು ನನಗೆ, ಹಗ್ಗ ಅವರಿಗೆ. ಅವರು ಹಗ್ಗ ಎಳೆಯುವ ರಭಸಕ್ಕೆ ಮಗ ಎರಡು ಸಲ ಸೀಟಿನಿಂದ ಜಾರಿದರು. ಮೂರನೆಯ ದಿನ ಹೊತ್ತು ಇಳಿಯುವಷ್ಟರಲ್ಲಿ ಎಂಟೂ ಎಕರೆ ಮುಗಿದಿತ್ತು. ಮೊದಲ ದಿನ ಗೌಡರು ಯಾವಾಗ ನಗು ನಿಲ್ಲಿಸಿ ಮನೆಗೆ ಹೋಗಿದ್ದರೋ ನಾವು ನೋಡಿರಲಿಲ್ಲ.

ಆಮೇಲೆ ಐದು ದಿನ ಮಳೆ ಬರಲಿಲ್ಲ. ನಾನು ದಿನವೂ ಹೋಗಿ ಮಣ್ಣು ಕೆದರಿ ನೋಡಿ ಬರುತ್ತಿದ್ದೆ. ಆರನೆಯ ದಿನ ಮಧ್ಯಾಹ್ನ ಮಘಿ ಮಳೆ ಹಿಡಿದು ಸಂಜೆತನಕ ಸುರಿಯಿತು. ನಾಲ್ಕು ದಿನ ಬಿಟ್ಟು ಹೋದರೆ ಕಲ್ಲುಗಳ ನಡುವೆ ಮೂರು ಮೂರು ಸಾಲು, ನೂಲು ಹಿಡಿದಂತೆ ಹಸಿರು. ಚೌತಿಗೆ ಇನ್ನೂ ಒಂದು ವಾರವಿತ್ತು. ಮಾವನವರು ಗೌಡರನ್ನು ಕರೆದುಕೊಂಡು ಹೋಗಿ ತೋರಿಸಿದರು. ಗೌಡರು ಹಸಿರು ಬಂದ ಮಾತ್ರಕ್ಕೆ ಆಯಿತೇ, ಚಿಗರಿ ಏನು ಮಾಡುತ್ತವೆ ನೋಡೋಣ ಎಂದರಂತೆ. ಆದರೆ ಬೇಟೆಗಾರರಿಗೆ ಹೇಳಿ ಕಳಿಸಲಿಲ್ಲ.

ಕೆಳಗೆ ಜೋಳ ಬಿತ್ತಿದೆವು. ಅದು ಎರಡೆಲೆ ಒಡೆದ ದಿನದಿಂದ ಮಾವನವರು ನಸುಕಿನಲ್ಲೇ ಎದ್ದು ಹೊಲಕ್ಕೆ ಹೋಗತೊಡಗಿದರು. ಒಂದು ಮುಂಜಾನೆ ನಾನು ಅಂಗಳ ಸಾರಿಸುತ್ತಿದ್ದಾಗ ಅವರು ದೂರದಿಂದ ಬರುವುದು ಕಂಡಿತು. ಆ ವಯಸ್ಸಿನಲ್ಲಿ ಅವರು ಅಷ್ಟು ಬಿರುಸಾಗಿ ನಡೆದದ್ದನ್ನು ನಾನು ನೋಡಿರಲಿಲ್ಲ. ಏನೋ ಕೆಟ್ಟದ್ದಾಗಿದೆ ಎಂದು ಎದ್ದು ನಿಂತೆ. ಅವರು ಅಂಗಳದಲ್ಲಿ ನಿಂತು ಉಸಿರು ತೆಗೆದುಕೊಂಡರು.

"ನಿಂತಾವ ಯವ್ವಾ," ಎಂದರು. "ಹುರಳ್ಯಾಗ ನಿಂತಾವ. ಜ್ವಾಳದ ಕಡಿ ತಿರುಗಿ ಸುದ್ದಾ ನೋಡವಲ್ಲು."

ಅವರ ಕಣ್ಣಲ್ಲಿ ನೀರಿತ್ತು. ನಾನು ಸಗಣಿಯ ಕೈಯಲ್ಲೇ ಹೊಲಕ್ಕೆ ಓಡಿದೆ. ಮೂವತ್ತಕ್ಕೂ ಹೆಚ್ಚು ಇದ್ದವು. ಮರಿಗಳು ತಾಯಂದಿರ ಮಗ್ಗುಲಲ್ಲಿ, ತಿರುಚಿದ ಕೋಡಿನ ಕರಿ ಗಂಡು ಒಂದು ಕಡೆ ತಲೆ ಎತ್ತಿಕೊಂಡು. ಎಲ್ಲವೂ ಅತ್ತೆ ಮತ್ತು ನಾನು ಬಿಟ್ಟ ಸಾಲುಗಳಲ್ಲಿ ಮೇಯುತ್ತಿದ್ದವು. ನನಗೆ ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕು ಅನಿಸಿತು, ಅಲ್ಲಿ ಯಾರೂ ಇರಲಿಲ್ಲ. ಬದುವಿನ ಮೇಲೆ ಕೂತು ಒಬ್ಬಳೇ ನಕ್ಕೆ.

ಒಂದೂ ಕೆಳಗಿಳಿಯಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಅಂಚಿನ ನಾಲ್ಕು ಸಾಲು ಜೋಳ ಹೋಯಿತು. ಉಳಿದದ್ದು ಎದೆಯೆತ್ತರ ಬೆಳೆದು, ಆಮೇಲೆ ಆಳೆತ್ತರವೂ ಆಯಿತು. ಸಂಕ್ರಾಂತಿಗೆ ಮೊದಲು ಮಾವನವರು ಹಿರೇಕೆರೂರಿಗೆ ಹೋಗಿ ಕಚೇರಿಯಲ್ಲಿ ಬಂದೂಕು ಒಪ್ಪಿಸಿ ಬಂದರು. ಯಾರೂ ಕೇಳಿರಲಿಲ್ಲ.

ಹಾಲುಗಾಳು ಕಟ್ಟಿದಾಗ ನಮ್ಮ ಹೊಲದಲ್ಲಿ ಸೀತನಿ ಇಟ್ಟೆವು. ನಾನು ಆ ಮನೆಗೆ ಬಂದ ಮೇಲೆ ಅದೇ ಮೊದಲು. ಕೆಂಡದಲ್ಲಿ ಎಳೆ ತೆನೆ ಸುಟ್ಟು, ತಿಕ್ಕಿ, ಬಿಸಿ ಬಿಸಿ ಕಾಳಿನ ಜೊತೆ ಬೆಲ್ಲ, ಶೇಂಗಾ ಚಟ್ನಿಪುಡಿ, ಮೊಸರು. ಅರ್ಧ ಊರು ಬಂದಿತ್ತು. ಗೌಡರೂ ಬಂದಿದ್ದರು. ಉಂಡು ಕೈ ತೊಳೆದು ಅವರು ನೇರ ಮಾವನವರ ಹತ್ತಿರ ಹೋಗಿ, ಕಾವಲಿಗೆ ತಾಗಿದ ತಮ್ಮ ಆರು ಎಕರೆ ಬೀಳನ್ನೂ ಮುಂದಿನ ವರ್ಷ ಇದಕ್ಕೇ ಬಿಡುವುದಾಗಿಯೂ, ತಮ್ಮ ಮಗನೂ ಟ್ರ್ಯಾಕ್ಟರ್ ತರುವ ಹವಣಿಕೆಯಲ್ಲಿದ್ದಾನೆ ಎಂದೂ ಹೇಳಿದರು. ಅದಕ್ಕೆ ಹಿಂದೆ ಯಾವ ಸಾಮಾನು ಕಟ್ಟಿಸುವುದು ಚಲೋ ಎಂದು ಕೇಳಿದರು.

ಮಾವನವರು ತೆನೆ ತಿಕ್ಕುವುದನ್ನು ನಿಲ್ಲಿಸದೆ, "ಅದನ್ನ ನಮ್ಮ ಸೊಸಿನ್ನ ಕೇಳ್ರಿ," ಎಂದರು.

ಗೌಡರು ರುಮಾಲು ಸರಿಮಾಡಿಕೊಂಡು ನಾನು ಕೂತಲ್ಲಿಗೆ ನಡೆದು ಬಂದರು. ನಾನು ಸೆರಗು ಎಳೆದುಕೊಂಡು ಎದ್ದು ನಿಂತು, ಅವರ ಬೀಳಿನಲ್ಲಿ ಕಲ್ಲು ಎಷ್ಟಿದೆ, ಇಳಿಜಾರು ಯಾವ ಕಡೆಗಿದೆ ಎಂದು ಒಂದೊಂದಾಗಿ ಕೇಳತೊಡಗಿದೆ.