ಹಬ್ಬುವಾಡದಲ್ಲಿ ಓಡುತ್ತದೆ, ಬೊಬ್ರುವಾಡದಲ್ಲಿ ಓಡುವುದಿಲ್ಲ

ಹಬ್ಬುವಾಡದ ತನ್ನ ಮನೆಯಲ್ಲಿ ಸರಾಗ ಓಡುವ ಡಿವಿಡಿ, ಬೊಬ್ರುವಾಡದ ದುರ್ಗಿಯ ಮನೆಗೆ ಹೋದ ಕೂಡಲೇ ಯಾಕೆ ಸತ್ತುಹೋಗುತ್ತದೆ? ೨೦೦೬ರ ಮಳೆಗಾಲ ಮುಗಿಯುವ ಹೊತ್ತಿಗೆ ಈ ಪ್ರಶ್ನೆ ಪುಂಡಲೀಕನ ತಲೆ ತಿಂದುಬಿಟ್ಟಿತ್ತು.

ಅವನು ಬೈತಖೋಲ ಬಂದರಿನ ಕಚೇರಿಯಲ್ಲಿ ಗುಮಾಸ್ತ. ಮನೆಯ ಕಂಪ್ಯೂಟರಿನಲ್ಲಿ ಮದುವೆ ಮುಂಜಿಯ ಡಿವಿಡಿ ಬರೆದುಕೊಡುವ ಹುಚ್ಚು ಬೇರೆ. ಪುಂಡಲೀಕ ಬರೆದದ್ದು ತಡವರಿಸುವುದಿಲ್ಲ ಎಂದು ಯಾರಾದರೂ ಅಂದರೆ ಸಾಕು, ಅವತ್ತು ಎರಡು ತುತ್ತು ಹೆಚ್ಚೇ ಉಣ್ಣುತ್ತಿದ್ದ.

ದುರ್ಗಿ ವಾರಕ್ಕೊಮ್ಮೆ ಅಂಕೋಲೆಯ ಬೊಬ್ರುವಾಡದಿಂದ ಬಸ್ಸಿನಲ್ಲಿ ಹರಿವೆ, ಬಸಳೆ ತಂದು ಅವನ ಹೆಂಡತಿ ಕಲಾವತಿಗೆ ಕೊಡುವವಳು. ಮಗಳು ದೀಪಾಳ ಮದುವೆಯ ವಿಡಿಯೋ ಕ್ಯಾಸೆಟ್ಟು ತಂದು ಅವನೆದುರು ಇಟ್ಟಿದ್ದಳು. ಮದುವೆಗೆ ಎಂಟು ದಿನ ಇರುವಾಗ ಅವಳ ಗಂಡ ಬೊಮ್ಮುವಿಗೆ ಲಕ್ವ ಹೊಡೆದಿತ್ತು. ಆಚೆ ಮಗಳಿಗೆ ಅರಿಶಿನ ಹಚ್ಚುವಾಗ ಈಚೆ ಅವನು ಆಸ್ಪತ್ರೆಯ ಮಂಚದ ಮೇಲಿದ್ದ. ಈಗ ಬಲಗೈ ಏಳದು, ಮಾತು ಹೊರಡದು, ಕಣ್ಣೂ ದಿನದಿಂದ ದಿನಕ್ಕೆ ಮಂಜಾಗುತ್ತಿತ್ತು.

“ಕಣ್ಣು ಪೂರಾ ಹೋಗೂಕೆ ಮುಂಚೆ ಮಗ್ಳ ಮದ್ವೆ ನೋಡ್ಲಿ ಒಡ್ಯಾ,” ಅಂದಿದ್ದಳು.

ಮೊದಲ ಡಿವಿಡಿ ವಾರದಲ್ಲೇ ವಾಪಸು ಬಂತು. ಅಳಿಯ ಕೊಡಿಸಿದ ಮಶಿನ್ನಿಗೆ ಹಾಕಿದರೆ ಟಿವಿಯಲ್ಲಿ ಬರೀ ನೀಲಿಯಂತೆ. ಪುಂಡಲೀಕ ತನ್ನ ಮಶಿನ್ನಿಗೆ ಹಾಕಿದ. ದೀಪಾ ನಗುನಗುತ್ತ ಬಂದು ಕೂತಳು. ಬರೆದ ವೇಗ ಹೆಚ್ಚಾಯಿತೇನೋ ಎಂದು ನಿಧಾನವಾಗಿ ಇನ್ನೊಂದು ಬರೆದ. ಅದೂ ವಾಪಸು. ಖಾಲಿ ಡಿವಿಡಿಯೇ ಕಳಪೆಯೆಂದು ಬೇರೆ ಕಂಪನಿಯದು ತಂದ. ಮೂರನೆಯದೂ ಅದೇ ಹಾಡು. ಬಂದದ್ದೆಲ್ಲ ಥಳಥಳ, ಒಂದು ಗೀರಿಲ್ಲ! ಸಾಲದ್ದಕ್ಕೆ, ಮೊದಲು ಚೆನ್ನಾಗಿ ಓಡುತ್ತಿದ್ದ ಅಂಗಡಿಯ ಸಿನಿಮಾಗಳೂ ಈಗ ಆ ಮಶಿನ್ನಿನಲ್ಲಿ ತಡವರಿಸುತ್ತವೆ ಎಂದು ದುರ್ಗಿ ಹೇಳಿದಾಗ ಅವನಿಗೆ ದಿಕ್ಕೇ ತೋಚಲಿಲ್ಲ. ದೋಷ ಆ ಮಶಿನ್ನಿನದೇ ಎಂದು ಗೊಣಗಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಕಲಾವತಿ ಬಸಳೆ ಸೋಸುತ್ತಲೇ ಚುಚ್ಚಿದಳು. ಅವನಿಗೆ ರೇಗಿತು. ಭಾನುವಾರ ನಾಲ್ಕನೆಯ ಡಿವಿಡಿ ಹಿಡಿದು ತಾನೇ ಬಸ್ಸು ಹತ್ತಿದ.

ದುರ್ಗಿ ಅದನ್ನು ಅವನ ಕೈಯಿಂದ ಇಸಿದುಕೊಂಡವಳು ಮಶಿನ್ನಿನ ಕಡೆ ಹೋಗಲೇ ಇಲ್ಲ. ನೆಟ್ಟಗೆ ಗಂಡನ ಮಂಚಕ್ಕೆ ಹೋದಳು. ಬದಿಯಲ್ಲಿ ನೆನೆಸಿದ ಅರಿಶಿನದ ಬಟ್ಟಲಿತ್ತು. ಬೊಮ್ಮು ಎಡಗೈ ಬೆರಳು ಅದ್ದಿ, ಹೊಳೆಯುವ ಬದಿಗೆ ಮೆಲ್ಲಗೆ ಅರಿಶಿನ ಬಳಿದ. ದುರ್ಗಿ ಸೀರೆಯ ಸೆರಗಿನಿಂದ ಒರೆಸಿದಂತೆ ಮಾಡಿ ಮಶಿನ್ನಿಗೆ ಹಾಕಿದಳು. ಟಿವಿ ತುಂಬ ನೀಲಿ.

“ಇದೆಂತ ಮಾಡೂದು ಮಾರಾಯ್ತಿ?”

“ಮದ್ವೆ ದಿನ ಅಪ್ಪನ ಕೈ ಅರಿಶಿನ ಬೀಳ್ಲಿಲ್ಲ ಅಲ್ದಾ ಒಡ್ಯಾ. ಅದು ಹಚ್ದೆ ನೋಡೂದಿಲ್ಲ ಅಂತ ಸನ್ನೆ ಮಾಡ್ತಾ. ನೀವು ಮಗ್ಳ ಹೆಸ್ರು ಬರ್ದ ಬದಿಗೆ ಹಚ್ಚಿದ್ರೆ ಅದು ಅಳಿಸಿಹೋಗ್ತದೆ.”

ನಿಮ್ಮ ಮನೆಗೆ ಹಾಗೇ ತರಬಾರದೆಂದು ಪ್ರತಿಸಲ ಚೊಕ್ಕ ತೊಳೆದೇ ತರುತ್ತಿದ್ದೆ ಎಂದೂ ಹೇಳಿದಳು. ಬೈಯಬೇಕೆಂದೇ ಪುಂಡಲೀಕ ಬಾಯಿ ತೆರೆದಿದ್ದ. ಬೊಮ್ಮುವಿನ ಹಳದಿ ಬೆರಳು ನೋಡಿ ಮಶಿನ್ನಿನ ಮುಂದೆ ಕೂತ. ಅದರ ಮುಚ್ಚಳ ಬಿಚ್ಚಿ, ಒಳಗಿನ ಲೆನ್ಸಿಗೆ ಕೂತಿದ್ದ ಅರಿಶಿನದ ಪುಡಿಯನ್ನು ಹತ್ತಿಯಿಂದ ತೆಗೆದ. ಡಿವಿಡಿಯನ್ನು ತೊಳೆದು ಒರೆಸಿ ಹಾಕಿದ.

ಮಣೆಯ ಮೇಲೆ ದೀಪಾ ಕೂತಿದ್ದಳು. ಹೆಂಗಸರು ಒಬ್ಬೊಬ್ಬರಾಗಿ ಅರಿಶಿನ ಹಚ್ಚುತ್ತಿದ್ದರು. ಬೊಮ್ಮುವಿನ ಎಡಗೈ ಮತ್ತೆ ಬಟ್ಟಲಿಗೆ ಹೋಯಿತು. ಬೇಡವೆಂದು ದುರ್ಗಿ ಆ ಕೈ ಹಿಡಿದಳು.

ಪುಂಡಲೀಕ ರಿಮೋಟ್ ಒತ್ತಿ ದೀಪಾಳ ಮುಖದ ಮೇಲೆ ಚಿತ್ರ ನಿಲ್ಲಿಸಿದ. ಆಮೇಲೆ ದುರ್ಗಿಗೆ ಒಂದು ತುದಿ ಹಿಡಿಯಲು ಹೇಳಿ, ಮಂಚವನ್ನು ಟಿವಿಯ ಹತ್ತಿರಕ್ಕೆ ಎಳೆದ.

“ಇಲ್ಲಿ ಹಚ್ಚು ಬೊಮ್ಮು,” ಅಂದ. “ಗಾಜಿಗೆ ಎಷ್ಟು ಹಚ್ಚಿದ್ರೂ ಏನೂ ಆಗೂದಿಲ್ಲ.”